‘ನಮಗೆ ತಿಳಿದಿರಲಿಲ್ಲ’ ಎಂಬ ಸಬೂಬು

1945ನೆಯ ಇಸವಿ ಏಪ್ರಿಲ್ 16ರಂದು ಜರ್ಮನಿಯ ವೈಮಾರ್ ಪಟ್ಟಣದ ಸುಮಾರು ಒಂದು ಸಾವಿರ ನಾಗರಿಕರನ್ನು ಅಮೆರಿಕದ ಸೈನ್ಯವು ಬೂಖೆನ್‌ವಾಲ್ಟ್ ಯಾತನಾಶಿಬಿರಕ್ಕೆ ನಡೆಸಿಕೊಂಡು ಹೋಯಿತು. ಶಿಬಿರವಿದ್ದದ್ದು ಪಟ್ಟಣದಿಂದ ಸುಮಾರು 8 ಕಿಲೋಮೀಟರು ದೂರದ ಗುಡ್ಡದ ಮೇಲೆ. ಗಯಟೆ, ಷಿಲ್ಲರ್ ಮುಂತಾದ ಮಹಾಕವಿಗಳು ಬಾಳಿದ ಊರು ವೈಮಾರ್. ಅಲ್ಲಿನ ಗೃಹಸ್ಥರೂ ಗೃಹಿಣಿಯರೂ ಅಂದು ಒಳ್ಳೆಯ ಉಡುಪು ತೊಟ್ಟು ಹೊರಟಿದ್ದರೆಂಬುದು ಆ ದಿನದ ಛಾಯಾಚಿತ್ರಗಳಲ್ಲಿ ಕಾಣುತ್ತದೆ. ಒಳಗೆ ಹೆಣಗಳ ರಾಶಿಯನ್ನು ಕಂಡು ಕೆಲವರು ಅತ್ತರು, ಕೆಲವರು ಮುಖ ತಿರುಗಿಸಿದರು. ಹಲವರ ಬಾಯಲ್ಲಿ ಬಂದ ಮಾತು ಒಂದೇ: ನಮಗೆ ತಿಳಿದಿರಲಿಲ್ಲ.

ಆ ಶಿಬಿರವು ಆರಂಭವಾದದ್ದು 1937ರ ಜುಲೈಯಲ್ಲಿ. ಸ್ವಂತ ದಹನಾಗಾರವಿಲ್ಲದಿದ್ದ ಮೊದಲ ವರ್ಷಗಳಲ್ಲಿ, ಅಲ್ಲಿ ಸತ್ತವರ ಶವಗಳನ್ನು ಸುಟ್ಟದ್ದು ವೈಮಾರ್ ಪಟ್ಟಣದ ದಹನಾಗಾರದಲ್ಲಿಯೇ. ಕೈದಿಗಳನ್ನು ಇಳಿಸಿದ್ದು ಊರಿನ ರೈಲು ನಿಲ್ದಾಣದಲ್ಲಿ. ಊರಿನ ವರ್ತಕರು ಶಿಬಿರಕ್ಕೆ ಸರಕು ಒದಗಿಸಿದರು, ಊರಿನ ಕಾರ್ಖಾನೆಯಲ್ಲಿ ಕೈದಿಗಳು ದುಡಿದರು. ಶವ ಬಂದಾಗ ಯಾರೋ ಒಬ್ಬ ಗುಮಾಸ್ತ ದಾಖಲೆ ಪುಸ್ತಕದಲ್ಲಿ ಬರೆದುಕೊಂಡಿರಬೇಕು, ಸರಕು ಹೋದಾಗ ಯಾರೋ ಒಬ್ಬ ವರ್ತಕ ಬೀಜಕ ಬರೆದಿರಬೇಕು. ವ್ಯವಹಾರ ಬಲ್ಲ ಯಾರನ್ನು ಕೇಳಿದರೂ ಹೇಳಿಯಾರು, ಗಿರಾಕಿ ಯಾರೆಂದು ತಿಳಿಯದೆ ಬೀಜಕ ಬರೆಯಲಾಗುವುದಿಲ್ಲ.

ಸರ್ವಾಧಿಕಾರದ ಕಾಲವನ್ನು ಕುರಿತು ಮಾತನಾಡುವಾಗ ಒಂದು ರೂಢಿಯ ಚಿತ್ರ ಬಂದುಬಿಡುತ್ತದೆ. ಸರ್ವಾಧಿಕಾರಿ ಕ್ರೂರಿ, ಅವನ ಪಡೆಯವರು ಕಟುಕರು, ಉಳಿದ ಜನಸಾಮಾನ್ಯರು ಹೆದರಿ ಬಾಯಿ ಮುಚ್ಚಿಕೊಂಡವರು, ಅವರೇನು ಮಾಡಬಹುದಿತ್ತು ಪಾಪ! ಭಾಷಣಕಾರರಿಗೆ ಈ ಚಿತ್ರ ಬಹಳ ಅನುಕೂಲ. ಕೇಳುವವರಿಗೆ ಇನ್ನೂ ಅನುಕೂಲ, ಏಕೆಂದರೆ ಕೇಳುವವರೆಲ್ಲ ಜನಸಾಮಾನ್ಯರೇ. ಇದು ಅರ್ಧ ಸತ್ಯ. ಭಯವಿತ್ತು, ಸಂದೇಹವಿಲ್ಲ. ಹಿಟ್ಲರನು 1933ರ ಜನವರಿ 30ರಂದು ಅಧಿಕಾರಕ್ಕೆ ಬಂದನು, ಮಾರ್ಚಿನಲ್ಲಿ ಡಾಖಾವ್ ಶಿಬಿರ ತೆರೆಯಿತು, ವಿರೋಧಿಗಳು ಅದರೊಳಗೆ ಹೋದರು. ಆದರೆ ಭಯವು ವಿವರಿಸಬಲ್ಲದ್ದು ಮೌನವನ್ನು ಮಾತ್ರ. ಯಾರೂ ಕೇಳದಿದ್ದರೂ ನೆರೆಯವನ ಮೇಲೆ ಬರೆದ ಚಾಡಿಪತ್ರವನ್ನು ಭಯವು ವಿವರಿಸುವುದಿಲ್ಲ. ಹರಾಜಿನ ಕಟ್ಟೆಯ ಮುಂದೆ ನಿಂತು ಕೂಗಿದ ಸವಾಲನ್ನೂ ವಿವರಿಸುವುದಿಲ್ಲ.

ಮೊದಲು ಚಾಡಿಪತ್ರದ ವಿಷಯ. ಗೆಸ್ಟಪೊ ಎಂಬ ಗುಪ್ತ ಪೊಲೀಸ್ ದಳವು ಮನೆಮನೆಯಲ್ಲಿಯೂ ಕಿವಿಯಿಟ್ಟಿತ್ತೆಂಬ ನಂಬಿಕೆ ಬಹುಕಾಲ ನಡೆದುಬಂದಿತು. ಕೆನಡಾದ ಇತಿಹಾಸಕಾರ ರಾಬರ್ಟ್ ಗೆಲಟ್ಲಿ ಅವರು ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ಉಳಿದುಬಂದ ಗೆಸ್ಟಪೊ ಕಡತಗಳನ್ನು ಶೋಧಿಸಿ 1990ರಲ್ಲಿ ಪ್ರಕಟಿಸಿದ ಗ್ರಂಥವು ಆ ನಂಬಿಕೆಯನ್ನು ಅಲುಗಿಸಿತು. 1937ರಲ್ಲಿ ಆ ಇಡೀ ಪ್ರಾಂತದ ಎಂಟು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಗೆ ಇದ್ದ ಗೆಸ್ಟಪೊ ಸಿಬ್ಬಂದಿ 28 ಮಂದಿ! ಯೆಹೂದಿಗಳೊಡನೆ ಸ್ನೇಹ ಮಾಡಿದರೆಂಬ, ಸಂಬಂಧ ಬೆಳೆಸಿದರೆಂಬ ಮೊಕದ್ದಮೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆರಂಭವಾದದ್ದು ಸಾಮಾನ್ಯ ನಾಗರಿಕರು ತಾವಾಗಿಯೇ ತಂದುಕೊಟ್ಟ ಸುದ್ದಿಯಿಂದ. ಆ ಸುದ್ದಿ ತಂದವರೆಲ್ಲ ಹಿಟ್ಲರನ ಭಕ್ತರೆಂದು ತಿಳಿಯಬಾರದು. ಬಾಡಿಗೆಯ ಮನೆಯ ಜಗಳ, ಅಂಗಡಿಯ ಪೈಪೋಟಿ, ಗಂಡಹೆಂಡಿರ ವೈಮನಸ್ಯ, ಹಳೆಯ ಹಗೆ, ಇವು ಬಹುಪಾಲು ಕಾರಣಗಳು. ಸರ್ಕಾರವು ಮಾಡಿದ್ದು ಇಷ್ಟೇ: ನೆರೆಹೊರೆಯ ಕ್ಷುಲ್ಲಕ ದ್ವೇಷಕ್ಕೆ ಒಂದು ಅಂಚೆ ವಿಳಾಸವನ್ನು ಒದಗಿಸಿತು.

ಬರ್ಲಿನ್ನಿನ ಸಂತ ಹೆಡ್ವಿಗ್ ಇಗರ್ಜಿಯ ಗುರು ಬೆರ್ನ್‌ಹಾರ್ಟ್ ಲಿಖ್ಟೆನ್‌ಬೆರ್ಗ್ ಅವರು 1938ರ ನವೆಂಬರಿನಿಂದ ಯೆಹೂದಿಗಳ ಪರವಾಗಿ ಬಹಿರಂಗವಾಗಿ ಪ್ರಾರ್ಥನೆ ಮಾಡುತ್ತಿದ್ದರು. ಅವರ ಮೇಲೆ ದೂರು ಕೊಟ್ಟವರು ಇಗರ್ಜಿಗೆ ಬಂದಿದ್ದ ಇಬ್ಬರು ವಿದ್ಯಾರ್ಥಿನಿಯರು. 1941ರ ಅಕ್ಟೋಬರಿನಲ್ಲಿ ಬಂಧಿತರಾದ ಗುರುಗಳು 1943ರ ನವೆಂಬರಿನಲ್ಲಿ, ಡಾಖಾವ್ ಶಿಬಿರಕ್ಕೆ ಸಾಗಿಸುವ ದಾರಿಯಲ್ಲಿ, ತೀರಿಕೊಂಡರು. ಅದೇ ಬರ್ಲಿನ್ನಿನಲ್ಲಿ ಒಟ್ಟೊ ಹಾಂಪೆಲ್, ಎಲೀಸೆ ಹಾಂಪೆಲ್ ಎಂಬ ಕಾರ್ಮಿಕ ದಂಪತಿಗಳು 1940ರಿಂದ 1942ರವರೆಗೆ ಇನ್ನೂರಕ್ಕೂ ಹೆಚ್ಚು ಅಂಚೆಕಾರ್ಡುಗಳಲ್ಲಿ ಹಿಟ್ಲರನ ವಿರುದ್ಧ ಕೈಬರಹದಲ್ಲಿ ಬರೆದು ಮೆಟ್ಟಿಲುಗಳ ಮೇಲೆ, ಅಂಚೆಪೆಟ್ಟಿಗೆಗಳಲ್ಲಿ ಇಟ್ಟು ಬಂದರು. ಕಾರ್ಡು ಸಿಕ್ಕವರು ಅದನ್ನು ಹರಿದು ಬಿಸಾಡಬಹುದಿತ್ತು, ಒಲೆಗೆ ಹಾಕಬಹುದಿತ್ತು. ಬಹುತೇಕ ಎಲ್ಲವೂ ಪೊಲೀಸರ ಕೈಸೇರಿದವು. ದಂಪತಿಗಳಿಗೆ 1943ರ ಏಪ್ರಿಲಿನಲ್ಲಿ ಮರಣದಂಡನೆಯಾಯಿತು. ತಪ್ಪುಕಾಗುಣಿತವೆಂದು ಆ ಕಾರ್ಡುಗಳ ವ್ಯಾಕರಣವನ್ನು ಹಾಸ್ಯಮಾಡಲು ಯಾರೂ ಹೋಗಬಾರದು. ಆ ನಗರದಲ್ಲಿ ವ್ಯಾಕರಣ ಬಲ್ಲ ಲಕ್ಷಾಂತರ ಜನರಿದ್ದರು.

ಇನ್ನು ಹರಾಜಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು, ಏಕೆಂದರೆ ಇತಿಹಾಸದ ಪಾಠಪುಸ್ತಕಗಳಲ್ಲಿ ವಿಷಾನಿಲದ ಕೋಣೆಗಳಿರುತ್ತವೆ, ಕುರ್ಚಿ ಮೇಜುಗಳಿರುವುದಿಲ್ಲ.

ಹಿಟ್ಲರನು ಬಂದಾಗ ಜರ್ಮನಿಯಲ್ಲಿದ್ದ ಯೆಹೂದಿಗಳು ಸುಮಾರು ಐದು ಲಕ್ಷ, ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲ. 1933ರ ಏಪ್ರಿಲ್ 1ರಂದು ಅವರ ಅಂಗಡಿಗಳಿಗೆ ಸರ್ಕಾರಿ ಪಕ್ಷದವರು ಬಹಿಷ್ಕಾರ ಹಾಕಿ, ಬಾಗಿಲಲ್ಲಿ ಫಲಕ ಹಿಡಿದು ನಿಂತರು. ಅಂದು ಕೆಲವು ಗಿರಾಕಿಗಳು ಬೇಕೆಂದೇ ಒಳಹೊಕ್ಕು ಸಾಮಾನು ಕೊಂಡರು. ಬಹಿಷ್ಕಾರ ಒಂದೇ ದಿನಕ್ಕೆ ನಿಂತಿತು. ಆದರೆ ನಂತರ ನಡೆದದ್ದು ಫಲಕವಿಲ್ಲದ ಬಹಿಷ್ಕಾರ. ದೇಶದಲ್ಲಿದ್ದ ಸುಮಾರು ಒಂದು ಲಕ್ಷ ಯೆಹೂದಿ ವ್ಯವಹಾರಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು, ಕಡ್ಡಾಯ ಮಾಡುವ ಕಾನೂನು 1938ರ ನವೆಂಬರಿನಲ್ಲಿ ಬರುವ ಮೊದಲೇ, ಮುಚ್ಚಿದ್ದವು ಅಥವಾ ಕೈಬದಲಾಗಿದ್ದವು. ಸಾಲ ಕೊಡುವವರು ಕೈಹಿಡಿದರು, ಸರಬರಾಜು ಮಾಡುವವರು ದೂರವಾದರು, ನಿನ್ನೆಯ ಪಾಲುದಾರ ಇಂದು ಅರ್ಧ ಬೆಲೆಗೆ ಕೇಳಿದನು.

ಹಾಂಬುರ್ಗ್ ಬಂದರು ನಗರದಲ್ಲಿ ಇದು ಹೇಗೆ ನಡೆಯಿತೆಂಬುದನ್ನು ಫ್ರಾಂಕ್ ಬಾಯೋರ್ ಎಂಬ ಇತಿಹಾಸಕಾರರು 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದಾರೆ. ಅಂಗಡಿ ಮಾರುವ ಯೆಹೂದಿಗೆ ಗುಡ್‌ವಿಲ್ಲಿನ ಬೆಲೆ ಕೊಡಕೂಡದೆಂದು ಪಕ್ಷದ ಆರ್ಥಿಕ ಸಲಹೆಗಾರರು ಕಟ್ಟಳೆ ಮಾಡಿದ್ದರು. ಎರಡು ತಲೆಮಾರು ಕೂಡಿಟ್ಟ ಹೆಸರು, ಗಿರಾಕಿಗಳ ವಿಶ್ವಾಸ, ಎಲ್ಲವೂ ಲೆಕ್ಕದಲ್ಲಿ ಸೊನ್ನೆ! ಸರಕಿಗೂ ಬೇಕೆಂದೇ ಕಡಿಮೆ ಬೆಲೆ ಕಟ್ಟಲಾಗುತ್ತಿತ್ತು. ಕೊಳ್ಳುವವರಲ್ಲಿ ಬಾಯೋರ್ ಮೂರು ಬಗೆಯವರನ್ನು ಕಂಡಿದ್ದಾರೆ. ಪಕ್ಷದ ಬಲ ತೋರಿಸಿ, ಬೆದರಿಸಿ ಕಿತ್ತುಕೊಂಡವರು ಒಂದು ಬಗೆ. ತಾವಾಗಿ ಬೆದರಿಸದೆ, ಸನ್ನಿವೇಶ ಒದಗಿಸಿದ ಅಗ್ಗದ ಬೆಲೆಯನ್ನು ಸದ್ದಿಲ್ಲದೆ ಸ್ವೀಕರಿಸಿದವರು ಎರಡನೆಯ ಬಗೆ. ಮೂರನೆಯವರು ಕಡಿಮೆ ಸಂಖ್ಯೆಯವರು. ಅವರು ಕಟ್ಟಳೆಯನ್ನು ತಪ್ಪಿಸಿ, ಕಾಗದದಲ್ಲಿ ಕಾಣದಂತೆ ಹೆಚ್ಚಿನ ಹಣವನ್ನು ಮಾರುವವನ ಕೈಗೆ ಮುಟ್ಟಿಸಿದರು.

ಈ ಮೂರನೆಯ ಬಗೆಯವರು ಇದ್ದರೆಂಬುದೇ ಎರಡನೆಯ ಬಗೆಯವರ ಸಬೂಬನ್ನು ಮುರಿಯುತ್ತದೆ. ಒಂದೇ ನಗರ, ಒಂದೇ ಕಾನೂನು, ಒಂದೇ ಭಯ, ಒಂದೇ ಕಸುಬು. ಒಬ್ಬನು ಸರಿಯಾದ ಬೆಲೆ ಕೊಟ್ಟನು, ಇನ್ನೊಬ್ಬನು ಕೊಡಲಿಲ್ಲ. ಸದ್ದಿಲ್ಲದೆ ಲಾಭ ಪಡೆದವನನ್ನು ಕ್ರೂರಿ ಎನ್ನಲು ಬಾರದು, ಅವನು ಮನೆಯಲ್ಲಿ ಒಳ್ಳೆಯ ತಂದೆಯಾಗಿದ್ದಿರಬಹುದು. ಆದರೆ ಅವನಿಲ್ಲದಿದ್ದರೆ ಕಿತ್ತುಕೊಂಡ ಅಂಗಡಿ ಯಾರಿಗೆ ಬೇಕಾಗಿತ್ತು?

ಅಂಗಡಿಗಳಾದ ಮೇಲೆ ಮನೆಯ ಸಾಮಾನು. ದೇಶ ಬಿಟ್ಟು ಹೋಗುವ ಯೆಹೂದಿಗಳು ತಮ್ಮ ಮಂಚ, ಬೀರು, ಪುಸ್ತಕ, ಪಿಯಾನೊಗಳನ್ನು ದೊಡ್ಡ ಮರದ ಪೆಟ್ಟಿಗೆಗಳಲ್ಲಿ ತುಂಬಿಸಿ ಹಾಂಬುರ್ಗ್ ಬಂದರಿಗೆ ಕಳುಹಿಸಿದ್ದರು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಗಿ ಸಾವಿರಾರು ಪೆಟ್ಟಿಗೆಗಳು ಅಲ್ಲಿಯೇ ಉಳಿದವು. 1941ರಲ್ಲಿ ಗೆಸ್ಟಪೊ ಅವನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು. ಅದೇ ವರ್ಷದ ಅಕ್ಟೋಬರಿನಿಂದ ಯೆಹೂದಿಗಳನ್ನು ಪೂರ್ವಕ್ಕೆ ಸಾಗಿಸುವ ಕಾರ್ಯ ಮೊದಲಾಯಿತು. ಹೊರಡುವ ಮೊದಲು ಪ್ರತಿಯೊಬ್ಬರೂ 16 ಪುಟಗಳ ಆಸ್ತಿಪಟ್ಟಿಯನ್ನು ಭರ್ತಿ ಮಾಡಬೇಕು. ದಿಂಬೆಷ್ಟು, ಚಮಚವೆಷ್ಟು, ಅಂಗಿಯೆಷ್ಟು, ಎಲ್ಲವನ್ನೂ ಅವರೇ ಬರೆದುಕೊಡಬೇಕು. 1941ರ ನವೆಂಬರ್ 25ರ ಆಜ್ಞೆಯಂತೆ, ಗಡಿ ದಾಟಿದ ಯೆಹೂದಿಯ ಪೌರತ್ವ ರದ್ದಾಗಿ ಸೊತ್ತು ಸರ್ಕಾರಕ್ಕೆ. ಗಡಿ ದಾಟಿಸುವವರೂ ಅವರೇ, ದಾಟಿದ್ದಕ್ಕೆ ದಂಡಿಸುವವರೂ ಅವರೇ. ಫ್ರಾನ್ಸ್, ಬೆಲ್ಜಿಯಂ, ಹಾಲೆಂಡುಗಳಲ್ಲಿ ಸುಮಾರು 70,000 ಮನೆಗಳನ್ನು ಬರಿದು ಮಾಡಿ ತಂದ ಸಾಮಾನು ಇದರ ಜೊತೆಗೆ ಸೇರಿತು.

ಬಾಯೋರ್ ಅವರ ಲೆಕ್ಕದಂತೆ ಹಾಂಬುರ್ಗಿನಲ್ಲಿ ಹರಾಜಾದದ್ದು ಸುಮಾರು 30,000 ಯೆಹೂದಿ ಕುಟುಂಬಗಳ ಸಾಮಾನು. ನಗರ ಮತ್ತು ಸುತ್ತಿನ ಪ್ರದೇಶದ ಕನಿಷ್ಠ ಒಂದು ಲಕ್ಷ ಜನ ಅದರಲ್ಲಿ ಏನಾದರೊಂದನ್ನು ಕೊಂಡರು. 1943ರ ಜುಲೈಯ ಬಾಂಬುದಾಳಿಯಲ್ಲಿ ಮನೆಮಠ ಕಳೆದುಕೊಂಡವರು ಬೇರೇನು ಮಾಡಿಯಾರೆಂದು ಕೇಳುವವರುಂಟು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹರಾಜು ಆರಂಭವಾದದ್ದು ಅದಕ್ಕೆ ಎರಡು ವರ್ಷ ಮೊದಲು, ಆಗ ಕೊಂಡವರ ಮನೆಗಳು ನೆಟ್ಟಗೆ ನಿಂತಿದ್ದವು. ಈ ಒಂದು ಲಕ್ಷ ಜನರಲ್ಲಿ ಯಾರನ್ನೂ ಪೊಲೀಸರು ಹರಾಜಿಗೆ ಎಳೆತರಲಿಲ್ಲ. ಮೇಜುಬಟ್ಟೆಯ ಮೂಲೆಯಲ್ಲಿ ಕಸೂತಿ ಹಾಕಿದ ಹೆಸರಿನ ಅಕ್ಷರ ಬೇರೆ ಯಾರದೋ ಎಂಬುದು ಅದನ್ನು ಮನೆಗೆ ತಂದ ಗೃಹಿಣಿಗೆ ಕಾಣಲಿಲ್ಲವೆಂದರೆ ನಂಬುವವರು ಯಾರು?

ಕದ್ದ ಮಾಲನ್ನು ತಿಳಿದು ಕೊಳ್ಳುವುದಕ್ಕೆ ಶ್ರಾವಕಾಚಾರದಲ್ಲಿ ‘ತದಾಹೃತಾದಾನ’ ಎಂಬ ಹೆಸರೇ ಇದೆ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅದರ ಎಣಿಕೆ. ಮಾಲು ಕದ್ದವನು ಸರ್ಕಾರವಾದರೆ ಅತಿಚಾರ ಇಲ್ಲವಾಗುತ್ತದೆಂದು ಎಲ್ಲಿಯೂ ಹೇಳಿಲ್ಲ.

ಕೊಂಡವರು ಹಾಂಬುರ್ಗಿನವರಾದರೆ ಕೊಂದವರಲ್ಲಿಯೂ ಹಾಂಬುರ್ಗಿನವರಿದ್ದರು. ಮೀಸಲು ಪೊಲೀಸ್ ಪಡೆ 101 ಎಂಬುದರಲ್ಲಿದ್ದ ಸುಮಾರು 500 ಮಂದಿ ಹೆಚ್ಚಾಗಿ ಆ ನಗರದ ಬಂದರಿನ ಕೂಲಿಗಳು, ಲಾರಿ ಚಾಲಕರು, ಮಾರಾಟಗಾರರು, ಗುಮಾಸ್ತರು. ನಲವತ್ತರ ಆಸುಪಾಸಿನ ಸಂಸಾರಿಗಳು. 1942ರ ಜುಲೈ 13ರಂದು ಪೋಲೆಂಡಿನ ಯೂಜೆಫುವ್ ಗ್ರಾಮದಲ್ಲಿ ಸುಮಾರು 1,500 ಯೆಹೂದಿಗಳನ್ನು, ಹೆಂಗಸರು ಮಕ್ಕಳು ಎನ್ನದೆ, ಗುಂಡಿಕ್ಕುವ ಆಜ್ಞೆ ಬಂದಾಗ ಅವರ ಮೇಜರ್ ವಿಲ್ಹೆಲ್ಮ್ ಟ್ರಾಪ್ ಕಣ್ಣೀರು ಹಾಕುತ್ತ, ವಯಸ್ಸಾದವರಲ್ಲಿ ಯಾರಿಗೆ ಇದು ಸಾಧ್ಯವಿಲ್ಲವೋ ಅವರು ಹೊರಗೆ ಬರಬಹುದೆಂದು ಹೇಳಿದನು. ಹೊರಗೆ ಬಂದವರು ಹತ್ತು ಹನ್ನೆರಡು ಜನ. ಬಂದವರಿಗೆ ಆದ ಶಿಕ್ಷೆ ಏನು? ಕೊಲ್ಲುವ ಕೆಲಸದ ಬದಲು ಕಾವಲಿನ ಕೆಲಸ. ಈ ಪಡೆಯನ್ನು ಕುರಿತು 1992ರಲ್ಲಿ ಪುಸ್ತಕ ಬರೆದ ಕ್ರಿಸ್ಟಫರ್ ಬ್ರೌನಿಂಗ್ ಒಂದು ಮಾತನ್ನು ಒತ್ತಿ ಹೇಳುತ್ತಾರೆ. ಯುದ್ಧಾನಂತರದ ಅಷ್ಟೊಂದು ಮೊಕದ್ದಮೆಗಳಲ್ಲಿ, ನಿರಾಯುಧರನ್ನು ಕೊಲ್ಲಲು ಒಪ್ಪದ್ದಕ್ಕಾಗಿ ಘೋರ ಶಿಕ್ಷೆ ಅನುಭವಿಸಿದ ಒಬ್ಬನನ್ನೂ ಆರೋಪಿಗಳ ವಕೀಲರು ತೋರಿಸಲಾರದೆ ಹೋದರು.

ಕಾಗದ ಪತ್ರಗಳ ಕೆಲಸ ಮಾಡಿದವರ ಕೈಯಲ್ಲಿ ಬಂದೂಕೂ ಇರಲಿಲ್ಲ. ಜರ್ಮನಿಯ ರೈಲ್ವೆ ಇಲಾಖೆಯು ಸಾವಿನ ಶಿಬಿರಗಳಿಗೆ ಒಯ್ದ ಜನರಿಗೆ ಮೂರನೆಯ ದರ್ಜೆಯ ಪ್ರಯಾಣದರವನ್ನು ಲೆಕ್ಕಹಾಕಿತು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ, ನಾಲ್ಕು ವರ್ಷದೊಳಗಿನವರಿಗೆ ಉಚಿತ, ನಾನೂರಕ್ಕಿಂತ ಹೆಚ್ಚು ಜನರ ತಂಡಕ್ಕೆ ರಿಯಾಯಿತಿ. ಹೋಗುವ ದಾರಿಗೆ ಮಾತ್ರ ಶುಲ್ಕ; ಮರಳಿ ಬರುವ ಟಿಕೇಟು ಕಾವಲುಗಾರರಿಗಷ್ಟೇ. ಲೆಕ್ಕದಲ್ಲಿ ತಪ್ಪಿಲ್ಲ. ಎರ್ಫುರ್ಟ್ ನಗರದ ಟೋಪ್ಫ್ ಮತ್ತು ಪುತ್ರರು ಎಂಬ ಕುಟುಂಬ ಸಂಸ್ಥೆಯು ಬೂಖೆನ್‌ವಾಲ್ಟ್, ಔಷ್ವಿಟ್ಸ್ ಮುಂತಾದ ಶಿಬಿರಗಳಿಗೆ ಶವ ಸುಡುವ ಒಲೆಗಳನ್ನು ಕಟ್ಟಿಕೊಟ್ಟಿತು, ವಿಷಾನಿಲದ ಕೋಣೆಗಳಿಗೆ ಗಾಳಿ ಬದಲಿಸುವ ಯಂತ್ರಗಳನ್ನು ಒದಗಿಸಿತು. ಅದರ ಎಂಜಿನಿಯರೊಬ್ಬನು ಇನ್ನೂ ದೊಡ್ಡ ಒಲೆಯೊಂದನ್ನು ರೂಪಿಸಿ 1942ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಈ ವ್ಯವಹಾರವು ಆ ಸಂಸ್ಥೆಯ ಒಟ್ಟು ವಹಿವಾಟಿನಲ್ಲಿ ಶೇಕಡಾ ಎರಡರಷ್ಟು ಮಾತ್ರ. ಅಂದರೆ ಬಿಟ್ಟಿದ್ದರೆ ಸಂಸ್ಥೆ ಮುಳುಗುತ್ತಿರಲಿಲ್ಲ. ಹೊಟ್ಟೆಪಾಡಿಗೆಂದು ಮಾಡಿದೆವೆಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಸಾಮಾನ್ಯರು ಎದುರಾಡಿದ್ದರೆ ಏನಾದರೂ ಆಗುತ್ತಿತ್ತೇ? ಊಹೆ ಮಾಡಬೇಕಾಗಿಲ್ಲ, ಆದದ್ದುಂಟು. 1940ರ ಜನವರಿಯಿಂದ 1941ರ ಆಗಸ್ಟಿನವರೆಗೆ ಸರ್ಕಾರವು ಬುದ್ಧಿಮಾಂದ್ಯರು, ಮಾನಸಿಕ ರೋಗಿಗಳು, ಅಂಗವಿಕಲರಲ್ಲಿ 70,273 ಜನರನ್ನು ಆರು ಕೇಂದ್ರಗಳಲ್ಲಿ ವಿಷಾನಿಲದಿಂದ ಕೊಂದಿತು. ಈ ಸಂಖ್ಯೆ ಅವರೇ ಬರೆದಿಟ್ಟದ್ದು. ಹಾಡಮಾರ್ ಊರಿನಲ್ಲಿ ಚಿಮಣಿಯ ಹೊಗೆ ಎಲ್ಲರಿಗೂ ಕಾಣುತ್ತಿತ್ತು, ಶಾಲೆಯ ಮಕ್ಕಳಿಗೂ ಬಸ್ಸಿನಲ್ಲಿ ಬರುವವರ ಗತಿ ಏನೆಂದು ಗೊತ್ತಿತ್ತು. ಬಂಧುಗಳು ಪತ್ರ ಬರೆದರು, ಗುರುಗಳಲ್ಲಿ ಹೇಳಿಕೊಂಡರು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರಿನ ಬಿಷಪ್ ಕ್ಲೆಮೆನ್ಸ್ ಔಗುಸ್ಟ್ ಫೊನ್ ಗಾಲೆನ್ ತಮ್ಮ ಪ್ರವಚನದಲ್ಲಿ ಇದನ್ನು ಕೊಲೆಯೆಂದೇ ಕರೆದರು. ಪ್ರವಚನದ ಪ್ರತಿಗಳು ಕೈಯಿಂದ ಕೈಗೆ ಹೋದವು. ಆಗಸ್ಟ್ 24ರಂದು ಹಿಟ್ಲರನು ವಿಷಾನಿಲದ ಆ ಕಾರ್ಯವನ್ನು ನಿಲ್ಲಿಸಲು ಆಜ್ಞೆ ಮಾಡಿದನು. ಬಿಷಪ್ಪರ ಮೇಲೆ ಕೈಮಾಡುವ ಧೈರ್ಯ ಸರ್ಕಾರಕ್ಕೆ ಬರಲಿಲ್ಲ. ಔಷಧ ಹೆಚ್ಚು ಕೊಟ್ಟು, ಉಪವಾಸ ಕೆಡವಿ ಕೊಲ್ಲುವುದು ಗುಟ್ಟಾಗಿ ಮುಂದುವರಿಯಿತೆಂಬುದೂ ನಿಜ, ಪ್ರವಚನದ ಪ್ರತಿಗಳನ್ನು ಹಂಚಿದ ಸಣ್ಣವರು ಶಿಕ್ಷೆ ಅನುಭವಿಸಿದರೆಂಬುದೂ ನಿಜ. ಆದರೂ ಸರ್ವಾಧಿಕಾರಿಯು ಜನರ ಮುಖ ನೋಡಿ ಹೆಜ್ಜೆ ಇಡುತ್ತಿದ್ದನೆಂಬುದು ಇಲ್ಲಿ ಸ್ಪಷ್ಟವಾಯಿತು.

ಆ ಪ್ರವಚನವಾಗಿ ಎರಡೇ ತಿಂಗಳಿಗೆ ಯೆಹೂದಿಗಳನ್ನು ಹೊತ್ತ ರೈಲುಗಳು ಹೊರಟವು, ಹಗಲು ಹೊತ್ತಿನಲ್ಲಿಯೇ, ಊರಿನ ನಿಲ್ದಾಣಗಳಿಂದಲೇ. ಅಂತಹ ಪ್ರವಚನ ಮತ್ತೆ ಕೇಳಿಬರಲಿಲ್ಲ. ವ್ಯತ್ಯಾಸವೇನು? ರೋಗಿಗಳು ‘ನಮ್ಮವರು’, ಇಗರ್ಜಿಯ ಸಾಲಿನಲ್ಲಿ ಕುಳಿತವರ ಮಕ್ಕಳು, ಅಣ್ಣತಮ್ಮಂದಿರು. ಯೆಹೂದಿಗಳು ‘ಅವರು’. ಜರ್ಮನಿಯ ಗೃಹಸ್ಥನಲ್ಲಿ ಕರುಣೆ ಸತ್ತಿರಲಿಲ್ಲ. ಪಡಿತರದ ಚೀಟಿಯಂತೆ ಅದು ಸ್ವಜನರ ಹೆಸರಿನಲ್ಲಿ ಮಾತ್ರ ಚಲಾವಣೆಯಾಗುತ್ತಿತ್ತು, ಅಷ್ಟೆ. ಬರ್ಲಿನ್ನಿನ ರೋಜನ್‌ಸ್ಟ್ರಾಸೆ ಬೀದಿಯಲ್ಲಿ 1943ರ ಫೆಬ್ರವರಿ ಕೊನೆಯಿಂದ ಮಾರ್ಚಿನ ಮೊದಲ ವಾರದವರೆಗೆ ನಡೆದದ್ದೂ ಇದನ್ನೇ ಹೇಳುತ್ತದೆ. ಸೆರೆಹಿಡಿದ ಸುಮಾರು 2,000 ಯೆಹೂದಿಗಳ ಜರ್ಮನ್ ಪತ್ನಿಯರೂ ಬಂಧುಗಳೂ ದಿನಗಟ್ಟಲೆ ಚಳಿಯಲ್ಲಿ ನಿಂತು, ಗಂಡಂದಿರನ್ನು ಬಿಡಿರೆಂದು ಕೂಗಿದರು. ಹೆಚ್ಚಿನವರ ಬಿಡುಗಡೆಯಾಯಿತು. ಆ ಕೂಗಿನಿಂದಲೇ ಬಿಡುಗಡೆಯಾಯಿತೇ, ಸರ್ಕಾರದ ಯೋಜನೆಯೇ ಹಾಗಿತ್ತೇ ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ಹೆಂಗಸರು ನಿಂತರು, ಅವರ ಮೇಲೆ ಗುಂಡು ಹಾರಲಿಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಬಂಧುತ್ವವಿಲ್ಲದೆ ನಿಂತವರೂ ಇದ್ದರು. ಬರ್ಲಿನ್ನಿನ ರೋಜನ್‌ಥಾಲರ್ ಬೀದಿಯ 39ನೆಯ ಸಂಖ್ಯೆಯ ಹಿತ್ತಲಲ್ಲಿ ಒಟ್ಟೊ ವೈಟ್ ಎಂಬ, ಕಣ್ಣು ಮಂಜಾದ ವ್ಯಾಪಾರಿ ಪೊರಕೆ ಮತ್ತು ಬ್ರಷ್ಷುಗಳನ್ನು ಮಾಡಿಸುತ್ತಿದ್ದನು. ಅವನ ಕೆಲಸಗಾರರು ಹೆಚ್ಚಾಗಿ ಕುರುಡರೂ ಕಿವುಡರೂ ಆದ ಯೆಹೂದಿಗಳು. ಸೈನ್ಯಕ್ಕೆ ಪೊರಕೆ ಬೇಕು, ಪೊರಕೆಗೆ ಇವರು ಬೇಕು ಎಂಬುದು ಅವನ ವಾದ. ಗೆಸ್ಟಪೊ ಅಧಿಕಾರಿಗಳಿಗೆ ಲಂಚ ಕೊಟ್ಟನು, ಕಳ್ಳಸಂತೆಯಲ್ಲಿ ಸರಕು ಮಾರಿ ಆಹಾರ ತಂದನು, ಒಮ್ಮೆ ಸೆರೆಹೋಗಿದ್ದ ತನ್ನ ಕೆಲಸಗಾರರನ್ನು ತಾನೇ ಹೋಗಿ ಬಿಡಿಸಿಕೊಂಡು ಬಂದನು. ಕಾರ್ಖಾನೆಯ ಕೊನೆಯ ಕೋಣೆಯ ಬಾಗಿಲಿಗೆ ಬಟ್ಟೆಯ ಬೀರುವನ್ನು ಅಡ್ಡವಿಟ್ಟು ಒಂದು ಕುಟುಂಬವನ್ನು ಬಚ್ಚಿಟ್ಟನು. ಕೊನೆಗೆ ಹಲವರು ಅವನ ಕೈಮೀರಿ ಹೋದರು, ಕೆಲವರು ಉಳಿದರು. ಅವನು ಬಿಷಪ್ಪನಲ್ಲ, ಸೇನಾಪತಿಯಲ್ಲ. ಅವನ ಬಳಿ ಇದ್ದದ್ದು ಬೀಜಕ, ದಾಸ್ತಾನು, ಗಿರಾಕಿಗಳು. ಟೋಪ್ಫ್ ಸಂಸ್ಥೆಯ ಬಳಿ ಇದ್ದದ್ದೂ ಅವೇ.

ಇದೆಲ್ಲವನ್ನೂ ಕೇಳಿ, ಜರ್ಮನರ ಜಾತಿಯೇ ಅಂತಹದೆಂದು ಹೇಳಿ ಏಳುವವರಿದ್ದಾರೆ. ಅದು ‘ತಿಳಿದಿರಲಿಲ್ಲ’ ಎಂಬುದಕ್ಕಿಂತ ಹೆಚ್ಚು ಸುಖಕರವಾದ ಸಬೂಬು. ವೈಟ್ ಜರ್ಮನನೇ, ಹಾಂಪೆಲ್ ದಂಪತಿಗಳೂ ಜರ್ಮನರೇ.

2023ರಲ್ಲಿ ಬ್ರೆಮೆನ್ ನಗರದ ವೇಸರ್ ನದಿಯ ದಂಡೆಯ ಬಳಿ ಒಂದು ಸ್ಮಾರಕವನ್ನು ತೆರೆದರು. ಯೆಹೂದಿಗಳ ಮನೆಯ ಸಾಮಾನನ್ನು ಸಾಗಿಸಿ ಬೆಳೆದ ಸಾಗಣೆ ಸಂಸ್ಥೆಯೊಂದರ ಕಟ್ಟಡವೂ ಅಲ್ಲಿಯೇ ಸಮೀಪದಲ್ಲಿದೆ. ಬರಿದಾದ ಕೋಣೆ, ಗೋಡೆಯ ಮೇಲೆ ಒಂದು ಕಾಲದಲ್ಲಿ ಅಲ್ಲಿದ್ದ ಪೀಠೋಪಕರಣಗಳ ನೆರಳು, ಇಷ್ಟೇ ಆ ಸ್ಮಾರಕ. ಬ್ರೆಮರ್‌ಹಾಫೆನ್ನಿನ ನೌಕಾ ವಸ್ತುಸಂಗ್ರಹಾಲಯದ ಸಂಶೋಧಕರು ಬಂದರಿನಲ್ಲಿ ಜಪ್ತಿಯಾದ ಪೆಟ್ಟಿಗೆಗಳ ಜಾಡು ಹಿಡಿದು, ಉಳಿದ ಹರಾಜಿನ ಕಡತಗಳಿಂದ ಒಂದೊಂದೇ ಕುಟುಂಬದ ಸೊತ್ತಿನ ವಿವರವನ್ನು ಕಲೆಹಾಕುತ್ತಿದ್ದಾರೆ. ಹೆಚ್ಚಿನ ಕುರ್ಚಿ ಮೇಜುಗಳು ಎಲ್ಲಿವೆಯೆಂದು ಪತ್ತೆಯಾಗಿಲ್ಲ. ಅವು ಮನೆಗಳಲ್ಲಿವೆ, ಅಜ್ಜಿಯ ಕಾಲದ್ದೆಂದು ಮೊಮ್ಮಕ್ಕಳು ಒರೆಸಿ ಇಟ್ಟುಕೊಂಡಿದ್ದಾರೆ.